ನಾನೂರ ಇಪ್ಪತ್ತು ಡಾಲರಿನ ನಿದ್ದೆ

ನಾನು ಕೂಗಿದ ಮೊತ್ತ ತಲೆಗೆ 420 ಡಾಲರ್. ಸಂಖ್ಯೆ ನೋಡಿಯಾದರೂ ಎಚ್ಚೆತ್ತುಕೊಳ್ಳಬೇಕಿತ್ತು. ನಮ್ಮ ಕಡೆ ಮೋಸಗಾರನಿಗೆ ‘ಫೋರ್ ಟ್ವೆಂಟಿ’ ಅನ್ನುವುದು ಸುಮ್ಮನೆ ಅಲ್ಲ. ಆದರೆ ರಾತ್ರಿ ಹನ್ನೊಂದೂವರೆಗೆ ಪಾತ್ರೆ ತೊಳೆದಿಟ್ಟು, ಮಗಳ ಹೋಂವರ್ಕ್ ಮುಗಿಸಿ, ಸೋಫಾದ ಮೇಲೆ ಕಾಲು ಚಾಚಿ ಫೋನ್ ಹಿಡಿದವನಿಗೆ ಅಪಶಕುನ ಎಲ್ಲಿ ಕಾಣಬೇಕು? ಕಂಡದ್ದು ಪರದೆಯ ಮೇಲಿದ್ದ ಒಂದು ಮುಳ್ಳು. ದುಡ್ಡು ಏರಿಸಿದಂತೆ ಅದು ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ವಾಲುತ್ತಿತ್ತು. ಹಸಿರಿಗೆ ಬಂತು, ಒತ್ತಿದೆ.

ಷಿಕಾಗೊದಿಂದ ಬೆಂಗಳೂರಿಗೆ ನೇರ ವಿಮಾನವಿಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದವರು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ ವಿಮಾನ ಬಿಟ್ಟಾಗ ಬೇ ಏರಿಯಾದ ನೆಂಟರು ಅದನ್ನು ಹೇಳುವುದಕ್ಕೆಂದೇ ಫೋನ್ ಮಾಡಿ ಹೊಟ್ಟೆ ಉರಿಸಿದ್ದರು. ನಮಗೆ ಎಲ್ಲಾದರೂ ಇಳಿದು ಹತ್ತುವುದೇ ಗತಿ. ಲಂಡನ್, ಫ್ರಾಂಕ್‌ಫರ್ಟ್, ದುಬೈ, ಅಬುಧಾಬಿ, ದೋಹಾ, ಇಲ್ಲವೇ ದೆಹಲಿ. ಮೇ ತಿಂಗಳಲ್ಲಿ ಮೈಸೂರಿನಲ್ಲಿ ತಂಗಿಯ ಮಗಳ ಮದುವೆ. ಹೆಂಡತಿಗೂ ಮಗಳಿಗೂ ಬರಲು ಆಗುವುದಿಲ್ಲ, ಸ್ಕೂಲಿದೆ. ಹೊರಟವರು ನಾನು ಮತ್ತು ನಮ್ಮ ಜೊತೆಯಲ್ಲೇ ಇರುವ ಅಮ್ಮ. ಅವಳಿಗೆ ಎಪ್ಪತ್ತೊಂದು, ಎರಡೂ ಮಂಡಿ ಸವೆದಿವೆ. ಕೊಲ್ಲಿಯ ಒಂದು ಊರಿನ ಮೇಲೆ ಹೋಗುವ ಟಿಕೆಟ್ ತೆಗೆದೆ, ಹೋಗಿ ಬರಲು ತಲೆಗೆ 1,280 ಡಾಲರ್. ಊರಿನ ಹೆಸರು ಹೇಳಿದರೆ ಕಂಪನಿಯ ಹೆಸರು ಹೇಳಿದ ಹಾಗೆಯೇ, ಬಿಡಿ.

ಅಲ್ಲಿಂದ ಬೆಂಗಳೂರಿಗೆ ಎರಡು ವಿಮಾನಗಳ ಆಯ್ಕೆ ಇತ್ತು. ಒಂದಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷದ ಲೇಓವರ್, ಇನ್ನೊಂದಕ್ಕೆ ಆರೂವರೆ ಗಂಟೆ. ಎರಡನೆಯದಕ್ಕೆ ಅರವತ್ತು ಡಾಲರ್ ಜಾಸ್ತಿ. ಹೆಚ್ಚು ದುಡ್ಡು ಕೊಟ್ಟು ಹೆಚ್ಚು ಹೊತ್ತು ಕಾಯುವ ದಡ್ಡ ಯಾರು ಅಂದುಕೊಂಡು ಮೊದಲನೆಯದನ್ನೇ ಹಿಡಿದೆ. ಆ ದಡ್ಡತನ ಯಾರದೆಂದು ಮುಂದೆ ಬರುತ್ತದೆ.

ಟಿಕೆಟ್ ಕೊಂಡ ಎರಡು ವಾರಕ್ಕೆ ಈಮೇಲ್ ಬಂತು. ‘ನಿಮ್ಮ ಬೆಲೆ ನೀವೇ ಹೇಳಿ, ಬಿಸಿನೆಸ್ ಕ್ಲಾಸಿನಲ್ಲಿ ಹಾರಿ’ ಅನ್ನುವ ಧಾಟಿಯದು. ಎರಡು ಲೆಗ್‌ಗೂ ಬೇರೆ ಬೇರೆ ಬಿಡ್. ಷಿಕಾಗೊದಿಂದ ಕೊಲ್ಲಿಗೆ ಹದಿಮೂರು ಗಂಟೆ, ಕನಿಷ್ಠ 900. ಕೊಲ್ಲಿಯಿಂದ ಬೆಂಗಳೂರಿಗೆ ನಾಲ್ಕು ಗಂಟೆ, ಕನಿಷ್ಠ 280. ದೊಡ್ಡದಕ್ಕೆ 950 ಹಾಕಿದಾಗ ಮುಳ್ಳು ಹಳದಿಯಲ್ಲೇ ನಿಂತಿತು, ಅದಕ್ಕಿಂತ ಮೇಲೆ ಹೋಗಲು ಧೈರ್ಯವಾಗಲಿಲ್ಲ. ಚಿಕ್ಕದಕ್ಕೆ 420 ಹಾಕಿದರೆ ಹಸಿರು. ಇದಾದರೂ ಇರಲಿ, ಎರಡರಲ್ಲಿ ಒಂದಾದರೂ ತಗಲಲಿ ಅಂತ ಎರಡನ್ನೂ ಕಳಿಸಿದೆ. ‘ಒಂದಾದರೂ ತಗಲಲಿ’ ಎಂಬ ಮಾತು ಹುಡುಗ ಅರ್ಜಿ ಗುಜರಾಯಿಸುವಾಗ ಸರಿ, ದುಡ್ಡು ಕೊಡುವಾಗ ಅಲ್ಲ.

ಹೊರಡುವುದಕ್ಕೆ ಎರಡು ದಿನ ಮೊದಲು ಫಲಿತಾಂಶ ಬಂತು. ದೊಡ್ಡ ಲೆಗ್ ಸಿಗಲಿಲ್ಲ. ಚಿಕ್ಕ ಲೆಗ್‌ಗೆ ಅಭಿನಂದನೆಗಳು! ಕಾರ್ಡಿನಿಂದ 840 ಡಾಲರ್ ಹೋಗಿತ್ತು, ವಾಪಸ್ ಇಲ್ಲ.

ಅಮ್ಮನಿಗೆ ವಿವರಿಸಿದೆ. ಮೈಸೂರಿನಲ್ಲಿ ಇಪ್ಪತ್ತು ವರ್ಷ ಬೀದಿಯ ಹೆಂಗಸರ ಚೀಟಿ ನಡೆಸಿದವಳು ಅವಳು. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: “ನಿನ್ನ ಮೇಲೆ ಯಾರು ಕೂಗಿದ್ರು?”

ಗೊತ್ತಿಲ್ಲ ಅಂದೆ.

“ಯಾರೂ ಕೂಗದೆ ಇದ್ರೂ ನಾನೂರ ಇಪ್ಪತ್ತೇ ತಗೋತಾರಾ?”

ತಗೋತಾರೆ ಅಂದೆ.

“ಅದು ಕೂಗೋದಲ್ಲ ಕಣೋ, ಕೊಡೋದು” ಅಂದು ಎದ್ದು ಹೋದಳು.

ಪ್ರಯಾಣದ ಕಥೆ ಚಿಕ್ಕದು. ಹದಿಮೂರು ಗಂಟೆ ಮೂವತ್ತೆಂಟನೇ ಸಾಲಿನಲ್ಲಿ ಮಂಡಿ ಮಡಚಿಕೊಂಡು ಕೂತೆವು. ಅಮ್ಮ ಎರಡು ಗಂಟೆಗೊಮ್ಮೆ ಎದ್ದು ಗ್ಯಾಲಿಯ ಹತ್ತಿರ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಇಳಿಯುವಾಗ, ಅಮ್ಮನಂತೆ ವೀಲ್‌ಚೇರ್ ಕೇಳಿದವರನ್ನು ಹತ್ತಿಸುವುದು ಮೊದಲಾದರೂ ಇಳಿಸುವುದು ಕೊನೆಗೆ ಅನ್ನುವುದು ನೆನಪಾಯಿತು. ಎಂಬತ್ತು ನಿಮಿಷದಲ್ಲಿ ಮೂವತ್ತು ಕೂತಲ್ಲೇ ಕರಗಿತು. ಕುರ್ಚಿ ತಳ್ಳುವ ಹುಡುಗ ಓಡಿದ, ನಾನೂ ಅವನ ಹಿಂದೆ ಓಡಿದೆ, ಗೇಟ್ ಮುಚ್ಚುವ ಮೊದಲು ತಲುಪಿದೆವು. ನಮ್ಮ ಸೂಟ್‌ಕೇಸುಗಳು ತಲುಪಲಿಲ್ಲ.

ನಾನು ಬಿಡ್ ಮಾಡಿದಾಗ ಮನಸ್ಸಿನಲ್ಲಿದ್ದದ್ದು ಈಮೇಲಿನ ಫೋಟೊದಲ್ಲಿದ್ದ ಹಾಸಿಗೆ. ನಮ್ಮ ಪಾಲಿಗೆ ಬಂದದ್ದು ನಡುವೆ ಒಂದೇ ದಾರಿಯಿರುವ ಚಿಕ್ಕ ವಿಮಾನ. ಅದರ ಬಿಸಿನೆಸ್ ಸೀಟು ಹಿಂದಕ್ಕೆ ವಾಲುತ್ತದೆ, ಮಲಗುವುದಿಲ್ಲ. ನಮ್ಮ ಐರಾವತ ಬಸ್ಸಿನಲ್ಲಿ ಸ್ವಲ್ಪ ಜಾಸ್ತಿ ವಾಲುವ ಸೀಟು ಸಿಕ್ಕ ಹಾಗೆ. ಫ್ಲೈಟ್ ನಂಬರಿನ ಪಕ್ಕದಲ್ಲೇ ವಿಮಾನದ ಮಾದರಿ ಬರೆದಿತ್ತು, ನಾನು ಓದಿರಲಿಲ್ಲ. ಆರೂವರೆ ಗಂಟೆ ಕಾಯಿಸುತ್ತಿದ್ದ ಆ ಇನ್ನೊಂದು ವಿಮಾನ ದೊಡ್ಡದು, ಅದರಲ್ಲಿ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ಇತ್ತು. ಅದೂ ಅಲ್ಲೇ ಬರೆದಿತ್ತು.

ಈಗ ಲೆಕ್ಕ. ತಾಳ್ಮೆಯಿಂದ ನನ್ನ ಜೊತೆ ಬನ್ನಿ, ಇದನ್ನು ನಾನು ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್ಲಿನಲ್ಲಿ, ಬಿದಿರಿನ ಚಾವಣಿಯ ಕೆಳಗೆ, ಬೆಳಗಿನ ಜಾವ ಲಗೇಜ್ ದೂರಿನ ಸಾಲಿನಲ್ಲಿ ನಿಂತು ಬೋರ್ಡಿಂಗ್ ಪಾಸಿನ ಬೆನ್ನಿನ ಮೇಲೆ ಮಾಡಿದೆ. ವಿಮಾನದಲ್ಲಿ ಮಲಗುವ ಸೀಟಿಗೆ ಕೊಡುವ ದುಡ್ಡನ್ನು ಪೂರ್ತಿ ಹಾರಾಟಕ್ಕೆ ಹಂಚಬಾರದು, ಮಲಗಲು ಸಿಗುವ ಹೊತ್ತಿಗೆ ಮಾತ್ರ ಹಂಚಬೇಕು. ನಾಲ್ಕು ಗಂಟೆ ಅಂದರೆ 240 ನಿಮಿಷ. ರನ್‌ವೇಗೆ ಹೋಗಿ, ಏರಿ, ಬೆಲ್ಟಿನ ದೀಪ ಆರುವ ತನಕ 35. ಊಟಕ್ಕೆ 50. ಇಳಿಯುವ ಮುಂಚೆ ಎಬ್ಬಿಸಿ ಸೀಟು ನೆಟ್ಟಗೆ ಮಾಡಿಸುವುದಕ್ಕೆ 45. ಉಳಿಯುವುದು 110 ನಿಮಿಷ. ಒಂದು ಗಂಟೆ ಐವತ್ತು ನಿಮಿಷಕ್ಕೆ 420 ಡಾಲರ್ ಅಂದರೆ ಗಂಟೆಗೆ 229. ಡಾಲರಿಗೆ 85 ರೂಪಾಯಿಯಂತೆ ಹಿಡಿದರೆ ಸುಮಾರು 19,500 ರೂಪಾಯಿ, ಅದೂ ಗಂಟೆಗೆ, ಅದೂ ಹಾಸಿಗೆಯೇ ಅಲ್ಲದ ಸೀಟಿಗೆ.

ದೊಡ್ಡ ಲೆಗ್ ನೋಡಿ. 780 ನಿಮಿಷ. ಏರಿಳಿತಕ್ಕೆ ಅದೇ 80, ಎರಡು ಊಟಕ್ಕೆ ಒಟ್ಟು 135 ಹೋದರೂ 565 ನಿಮಿಷ ಉಳಿಯುತ್ತದೆ, ಒಂಬತ್ತು ಗಂಟೆ ಇಪ್ಪತ್ತೈದು ನಿಮಿಷ. ನನ್ನ 950 ಡಾಲರ್ ಅಲ್ಲಿ ತಗಲಿದ್ದರೆ ಗಂಟೆಗೆ 101 ಬೀಳುತ್ತಿತ್ತು. ಅಂದರೆ ‘ಅಬ್ಬಾ ದುಬಾರಿ’ ಅಂತ ಕೈ ಹಿಂದೆ ತೆಗೆದದ್ದು ಅಗ್ಗದ ಕಡೆ, ‘ಇದಾದರೂ ಇರಲಿ’ ಅಂತ ಕೈ ಬಿಚ್ಚಿದ್ದು ದುಬಾರಿ ಕಡೆ.

ಇನ್ನೊಂದು ಲೆಕ್ಕ ಮಾಡಿ ಮನಸ್ಸು ಇನ್ನೂ ಕೆಡಿಸಿಕೊಂಡೆ. ಮೊದಲೇ ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆದಿದ್ದರೆ ಹೋಗಿ ಬರಲು 4,600 ಇತ್ತು, 3,320 ಹೆಚ್ಚು. ವಾಪಸ್ ಬರುವಾಗ ಗಾಳಿ ಎದುರಾಗುವುದರಿಂದ ದೊಡ್ಡ ಲೆಗ್ ಹದಿನಾಲ್ಕೂವರೆ ಗಂಟೆ, ಅದರಲ್ಲಿ ಮಲಗಲು 655 ನಿಮಿಷ. ನಾಲ್ಕೂ ಲೆಗ್ ಕೂಡಿದರೆ 565, 110, 110, 655. ಒಟ್ಟು 1,440 ನಿಮಿಷ. ಸರಿಯಾಗಿ ಒಂದು ದಿನ! ಗಂಟೆಗೆ 138 ಡಾಲರ್. ಶ್ರೀಮಂತರ ಚಾಳಿ ಅಂತ ನಾನು ಕಣ್ಣೆತ್ತಿಯೂ ನೋಡದ ಟಿಕೆಟ್ಟು ನನ್ನ ಬುದ್ಧಿವಂತಿಕೆಯ ಬಿಡ್‌ಗಿಂತ ಗಂಟೆಗೆ ತೊಂಬತ್ತೊಂದು ಡಾಲರ್ ಅಗ್ಗ. ಅದನ್ನು ಕೊಳ್ಳುವ ದುಡ್ಡು ನನ್ನ ಬಳಿ ಇರಲಿಲ್ಲ ಅನ್ನುವುದು ಬೇರೆ ಮಾತು.

ಈ ಬಿಡ್ ವ್ಯಾಪಾರದ ಮೇಲೆ ನನಗೆ ಈಗ ಕಿಂಚಿತ್ತೂ ನಂಬಿಕೆಯಿಲ್ಲ. ದನದ ಜಾತ್ರೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಾರಲ್ಲ, ಅಲ್ಲಿ ಸುತ್ತ ನಿಂತವರಿಗೆ ಬೆಲೆ ಕಾಣದಿದ್ದರೂ ಬೆರಳು ಹಿಡಿದ ಇಬ್ಬರಿಗೆ ಗೊತ್ತಿರುತ್ತದೆ, ಎತ್ತು ಕಣ್ಣ ಮುಂದೆಯೇ ಇರುತ್ತದೆ. ಇಲ್ಲಿ ಎತ್ತೂ ಕಾಣುವುದಿಲ್ಲ, ಎದುರಿನವನ ಬೆರಳೂ ಸಿಗುವುದಿಲ್ಲ. ಎಷ್ಟು ಸೀಟು ಖಾಲಿ ಇದೆ, ಎಷ್ಟು ಜನ ಕೂಗಿದ್ದಾರೆ, ಏನೂ ತಿಳಿಯದು. ಮುಳ್ಳು ಮಾತ್ರ ಇದೆ, ಆ ಮುಳ್ಳು ಮಾರುವವನದು. ದೊಡ್ಡ ಲೆಗ್‌ನ ಸೀಟುಗಳು ಕಂಪನಿ ಖರ್ಚಿನವರಿಗೆ, ಮೈಲ್ಸ್ ಇದ್ದವರಿಗೆ ಮೊದಲೇ ಹೋಗುತ್ತವೆ. ಚಿಕ್ಕ ಲೆಗ್‌ನದು ಉಳಿಯುತ್ತದೆ, ಉಳಿದದ್ದಕ್ಕೆ ನಮ್ಮಂಥವರು. ಇಷ್ಟಕ್ಕೂ ನಮ್ಮ ಷರತ್ತಿನಲ್ಲಿ ಮೈಲ್ಸ್ ಎಕಾನಮಿಯ ಲೆಕ್ಕದ್ದೇ, ಲಗೇಜೂ ಎಕಾನಮಿಯದೇ. ದುಡ್ಡು ಮಾತ್ರ ಬಿಸಿನೆಸ್‌ನದು.

ಯುರೋಪಿನ ದಾರಿಯನ್ನು ಯಾಕೆ ಬಿಟ್ಟೆ ಅಂತ ಹೆಂಡತಿ ಕೇಳಿದಳು. ಅಲ್ಲಿ ಎಂಟೂವರೆ, ಒಂಬತ್ತು ಗಂಟೆಯ ಎರಡು ತುಂಡು. ಫ್ರಾಂಕ್‌ಫರ್ಟಿನಿಂದ ಬೆಂಗಳೂರಿನದು ಸಾಮಾನ್ಯವಾಗಿ ಮಧ್ಯಾಹ್ನ ಹೊರಟು ನಡುರಾತ್ರಿ ದಾಟಿ ಇಳಿಯುತ್ತದೆ, ಹಗಲಿನಲ್ಲಿ ಹಾಸಿಗೆಗೆ ದುಡ್ಡು ಸುರಿಯುವುದು ಇನ್ನೂ ದಂಡ. ಆದರೆ ಮಂಡಿ ನೋವಿನವರಿಗೆ ನಡುವೆ ಇಳಿದು ನಡೆದಾಡಲು ಅದೇ ಮೇಲು, ಅದನ್ನು ಒಪ್ಪುತ್ತೇನೆ. ದೆಹಲಿಯ ಮೇಲೆ ಹೋಗುವ ಅಗ್ಗದ ಟಿಕೆಟ್ಟುಗಳನ್ನು ಮಾತ್ರ ಒಪ್ಪಲಾರೆ, ಅದರಲ್ಲೂ ದೆಹಲಿಯಿಂದ ಬೆಂಗಳೂರಿಗೆ ಬೇರೆ ಟಿಕೆಟ್ ತೆಗೆಯುವವರನ್ನು. ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿ, ಪೆಟ್ಟಿಗೆ ಎತ್ತಿಕೊಂಡು ಮತ್ತೆ ಚೆಕ್-ಇನ್ ಸಾಲಿಗೆ ಹೋಗಬೇಕು. ಅಮೆರಿಕದಿಂದ 23 ಕಿಲೋದ ಎರಡು ಪೆಟ್ಟಿಗೆ ತಂದವರಿಗೆ ದೇಶದೊಳಗಿನ ಎಕಾನಮಿಯಲ್ಲಿ ಸಾಮಾನ್ಯವಾಗಿ ಸಿಗುವುದು 15 ಕಿಲೋ. ಮಿಕ್ಕ ಮೂವತ್ತೊಂದು ಕಿಲೋ ಬಾದಾಮಿ, ಚಾಕೊಲೇಟಿಗೆ ಕಿಲೋ ಲೆಕ್ಕದಲ್ಲಿ ಕಟ್ಟಿ. ಡಿಸೆಂಬರ್, ಜನವರಿಯಲ್ಲಾದರೆ ಮಂಜು ಬೇರೆ. ಎರಡು ಟಿಕೆಟ್ ಇದ್ದರೆ ಮೊದಲನೆಯವನು ತಡ ಮಾಡಿದ್ದಕ್ಕೆ ಎರಡನೆಯವನು ಜವಾಬ್ದಾರನಲ್ಲ. 2025ರ ಜೂನ್ 23ರ ರಾತ್ರಿ ಕತಾರ್ ತನ್ನ ವಾಯುಮಾರ್ಗವನ್ನು ಕೆಲವು ಗಂಟೆ ಮುಚ್ಚಿದಾಗ ಎಷ್ಟೊಂದು ವಿಮಾನಗಳು ಬೇರೆ ಊರುಗಳಿಗೆ ತಿರುಗಿದವು. ಅಂಥ ದಿನ ಮುಂದಿನ ವಿಮಾನಕ್ಕೆ ಹಾಕಿ ಅಂತ ಕೌಂಟರಿನಲ್ಲಿ ಕೇಳಲು ಕೊನೆಯ ಊರಿನವರೆಗೂ ಒಂದೇ ಟಿಕೆಟ್ ಇರಬೇಕು.

ನಾನು ಮಾಡಿದ ತಪ್ಪು ಲೆಕ್ಕದ್ದಲ್ಲ, ಹೊತ್ತಿನದು ಅನ್ನಿಸುತ್ತದೆ. ನಾವು ಒಂದು ಮಿಕ್ಸಿ ಕೊಳ್ಳಲು ನಾಲ್ಕು ಅಂಗಡಿ ಸುತ್ತುತ್ತೇವೆ, ಹೆಸರುಬೇಳೆಯನ್ನು ಅಂಗೈಗೆ ಹಾಕಿ ನೋಡುತ್ತೇವೆ. ಸಾವಿರಾರು ಡಾಲರಿನ ಪ್ರಯಾಣವನ್ನು ಮಲಗುವ ಮುಂಚೆ ಆಕಳಿಸುತ್ತ ಹೆಬ್ಬೆರಳಿನಲ್ಲಿ ಕೊಳ್ಳುತ್ತೇವೆ. ಅಮೆರಿಕದಲ್ಲಿ ನಿಯಮವೇ ಇದೆ: ಪ್ರಯಾಣಕ್ಕೆ ಕನಿಷ್ಠ ಏಳು ದಿನ ಮೊದಲು ಕಂಪನಿಯಿಂದಲೇ ನೇರವಾಗಿ ಟಿಕೆಟ್ ತೆಗೆದರೆ, 24 ಗಂಟೆಯೊಳಗೆ ರದ್ದು ಮಾಡಿದವರಿಗೆ ಪೂರ್ತಿ ದುಡ್ಡು ವಾಪಸ್ ಕೊಡಬೇಕು, ಇಲ್ಲವೇ ದುಡ್ಡು ಕಟ್ಟಿಸಿಕೊಳ್ಳದೆ ಅಷ್ಟು ಹೊತ್ತು ದರ ಹಿಡಿದಿಡಬೇಕು. ಮಾರನೇ ದಿನ ಬೆಳಿಗ್ಗೆ ಕಾಫಿ ಕುಡಿದು ಮತ್ತೊಮ್ಮೆ ನೋಡಿ ಅಂತ ಸರ್ಕಾರವೇ ಕೊಟ್ಟ ಅವಕಾಶ. ನಮ್ಮ ಅಮ್ಮ ಸೀರೆ ತಂದರೆ ಬಿಲ್ಲು ಬಿಸಾಡದೆ ಒಂದು ರಾತ್ರಿ ಬೀರುವಿನ ಹೊರಗೆ ಇಡುತ್ತಿದ್ದಳು, ಬೆಳಕಿನಲ್ಲಿ ಬಣ್ಣ ನೋಡಬೇಕು ಅಂತ. ಆ ಬುದ್ಧಿ ನನಗೆ ಬರಲಿಲ್ಲ. ಬಂದಿದ್ದರೆ ವೀಲ್‌ಚೇರ್ ನೆನಪಾಗಿ, ಅರವತ್ತು ಡಾಲರ್ ಕೊಟ್ಟು ಆರೂವರೆ ಗಂಟೆಯದನ್ನೇ ತೆಗೆದಿರುತ್ತಿದ್ದೆ. ಬೆಳಿಗ್ಗೆ ಎಂಟೂವರೆಗೆ ಪೆಟ್ಟಿಗೆ ಸಮೇತ ಇಳಿದು ಮೈಸೂರಿನ ಫ್ಲೈಬಸ್ ಹತ್ತಿರುತ್ತಿದ್ದೆ. ಪೆಟ್ಟಿಗೆಗಳು ಮೂರನೇ ದಿನ ಮನೆಗೆ ಬಂದವು. ಅಮ್ಮ ವರಪೂಜೆಗೆ ತಂಗಿಯ ಸೀರೆ ಉಟ್ಟಳು, ಅದನ್ನು ಈಗಲೂ ಹೇಳುತ್ತಾಳೆ.

ವಾಪಸ್ ಬರುವಾಗ ಬಿಡ್ ಈಮೇಲನ್ನು ತೆರೆಯಲೇ ಇಲ್ಲ. ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲಿ ಆ ಹುಡುಗಿ ತಾನಾಗಿಯೇ ಹೇಳಿದಳು: “ಸರ್, ಷಿಕಾಗೊ ಸೆಕ್ಟರಿಗೆ ಅಪ್‌ಗ್ರೇಡ್ ಇದೆ, ಏಳುನೂರು ಡಾಲರ್.” ವಿಮಾನ ಯಾವುದು ಅಂತ ಕೇಳಿದೆ. ದೊಡ್ಡದೇ. 655 ನಿಮಿಷಕ್ಕೆ 700, ಗಂಟೆಗೆ 64! ನನ್ನ ಕೋಷ್ಟಕದಲ್ಲೇ ಅತಿ ಅಗ್ಗ. ಒಂದೇ ಒಂದು ಕೊಂಡೆ, ಅಮ್ಮನಿಗೆ. ಒಬ್ಬಳೇ ಅಲ್ಲಿ ಏನು ಮಾಡಲಿ ಅಂತ ತಕರಾರು ಮಾಡಿದಳು, ಹೋದಳು.

ಹಾರಿದ ಆರನೇ ಗಂಟೆಗೋ ಏಳನೇ ಗಂಟೆಗೋ ಯಾರೋ ಭುಜ ತಟ್ಟಿದರು. ಅಮ್ಮ, ಪೇಪರ್ ನ್ಯಾಪ್‌ಕಿನ್ನಿನಲ್ಲಿ ಎರಡು ಚಾಕೊಲೇಟ್ ಸುತ್ತಿಕೊಂಡು ಪರದೆ ದಾಟಿ ಬಂದಿದ್ದಳು. “ಎಲ್ಲ ಮಲಗಿಬಿಟ್ಟಿದಾರೆ ಕಣೋ, ಮಾತಾಡೋಕೆ ಒಬ್ಬರೂ ಇಲ್ಲ.”

ಷಿಕಾಗೊದಲ್ಲಿ ಬೆಲ್ಟಿನ ಮುಂದೆ ಪೆಟ್ಟಿಗೆಗೆ ಕಾಯುತ್ತಿದ್ದಾಗ ಕೇಳಿದೆ, ಎಷ್ಟು ಹೊತ್ತು ಮಲಗಿದೆ ಅಂತ.

“ಮಲಗೋದೇನು ಬಂತು. ಎರಡು ಕನ್ನಡ ಸಿನಿಮಾ ಇತ್ತು, ಎರಡನ್ನೂ ಎರಡೆರಡು ಸಲ ನೋಡಿದೆ. ಒಂದೆರಡು ಗಂಟೆ ಕಣ್ಣು ಮುಚ್ಚಿರಬಹುದು. ಯಾಕೆ, ಏನು ಲೆಕ್ಕ ಹಾಕ್ತಿದೀಯ?”

ಏಳುನೂರನ್ನು ಎರಡರಿಂದ ಭಾಗಿಸುತ್ತಿದ್ದೆ. ಏನೂ ಇಲ್ಲ ಅಂದೆ.