ದೀಪಾವಳಿಗೆ ಯಾವ ಊರು?

ಹಬ್ಬದ ರಜೆಗೆ ಪ್ರವಾಸ ಹೊರಡುತ್ತೀರಾ? ಟಿಕೆಟ್ ತೆಗೆಯುವ ಮೊದಲು ಪಂಚಾಂಗ ತೆರೆದು ನೋಡಿ. ಕಾಶಿಯ ಘಾಟ್‌ಗಳ ಮೆಟ್ಟಿಲು ಮೆಟ್ಟಿಲಿಗೂ ಹಣತೆ ಹಚ್ಚುವ ದೇವ ದೀಪಾವಳಿ ಬರುವುದು ಅಮಾವಾಸ್ಯೆ ಕಳೆದು 15 ದಿನಕ್ಕೆ, ಕಾರ್ತಿಕ ಹುಣ್ಣಿಮೆಯಂದು. ಗೋವಾದಲ್ಲಿ ನರಕಾಸುರನ ಪ್ರತಿಕೃತಿ ಸುಡುವುದು ನರಕ ಚತುರ್ದಶಿಯ ನಸುಕಿನಲ್ಲಿ. ತಡವಾಗಿ ಎದ್ದರೆ ಬೂದಿಯಷ್ಟೇ ಸಿಗುತ್ತದೆ. ಕೋಲ್ಕತ್ತಾದ ಕಾಳಿಪೂಜೆಗೆ ಅಮಾವಾಸ್ಯೆಯ ರಾತ್ರಿಯೇ ಅಲ್ಲಿರಬೇಕು.

ಜೊತೆಗೆ ಯಾರಿದ್ದಾರೆ ಎನ್ನುವುದೂ ಮುಖ್ಯ. ಕಾಶಿಯ ಕಡಿದಾದ ಮೆಟ್ಟಿಲು, ನೂಕುನುಗ್ಗಲು ವಯಸ್ಸಾದವರಿಗೆ ಕಷ್ಟ. ಅವರಿಗಾಗಿ ದೋಣಿಯನ್ನು ಮೊದಲೇ ಗೊತ್ತುಮಾಡಿ, ಬಾಡಿಗೆ ಎಷ್ಟೆಂದು ಖಚಿತಪಡಿಸಿಕೊಂಡೇ ಹತ್ತಿಸಿ. ಪಟಾಕಿಯ ಹೊಗೆ ಆಗದವರಿದ್ದರೆ ದೊಡ್ಡ ನಗರಗಳನ್ನು ಬಿಟ್ಟುಬಿಡಿ.

ಮಕ್ಕಳಿಗೆ ಹಬ್ಬವನ್ನು ಹತ್ತಿರದಿಂದ ತೋರಿಸುವ ಆಸೆಯಿದ್ದರೆ ನಮ್ಮ ಮಲೆನಾಡೇ ಸರಿ. ಬಲಿಪಾಡ್ಯಮಿಯ ದಿನ ದನಕರುಗಳ ಮೈತೊಳೆದು, ಅಡಿಕೆ, ಪಚ್ಚೆತೆನೆ, ಚೆಂಡುಹೂ ಪೋಣಿಸಿದ ಮಾಲೆಯನ್ನು ಕೊರಳಿಗೆ ಕಟ್ಟಿ ಗೋಪೂಜೆ ಮಾಡುತ್ತಾರೆ. ಇದು ಮನೆಯೊಳಗಿನ ಹಬ್ಬ. ಆದ್ದರಿಂದ ಪರಿಚಯದವರನ್ನು ಮೊದಲೇ ಕೇಳಿ, ಅವರು ಕರೆದರೆ ಹೋಗಿ. ಫೋಟೊ ತೆಗೆಯುವ ಮುನ್ನ ಮನೆಯವರ ಒಪ್ಪಿಗೆ ಪಡೆಯಿರಿ.

ಒಂದೇ ರಜೆಯಲ್ಲಿ ಮೂರು ಊರು ಸುತ್ತುವ ಆಸೆ ಬೇಡ. ಒಂದೇ ಊರು ಆರಿಸಿಕೊಳ್ಳಿ, ಹಬ್ಬ ಮುಗಿಯುವವರೆಗೂ ಅಲ್ಲೇ ಇರಿ.