ಮನೆ ಜೊತೆಗೇ ಬಂದ ಮ್ಯಾನೇಜರ್

ಕ್ರಯಪತ್ರ ರಿಜಿಸ್ಟರ್ ಆಯ್ತು ಅಂದೆ, ಸಂತೋಷ. ಬೆಂಗಳೂರಲ್ಲಿ ನಾಲ್ಕು ಬಾಡಿಗೆ ಮನೆಗಳ ಕಟ್ಟಡ ಅಂದರೆ ಸಣ್ಣ ಮಾತಲ್ಲ. ಆದರೆ ಹಳೇ ಮಾಲೀಕರು ಬೀಗದ ಕೈ ಜೊತೆ ಮ್ಯಾನೇಜರನ್ನೂ ಒಪ್ಪಿಸಿ, "ಎಲ್ಲಾ ಇವರೇ ನೋಡ್ಕೊಳ್ತಾರೆ, ನೀವು ತಲೆ ಕೆಡಿಸ್ಕೋಬೇಡಿ" ಅಂದರಂತೆ. ತಲೆ ಕೆಡಿಸಿಕೊಳ್ಳಬೇಕಾದ್ದು ಈಗಲೇ ಕಣಪ್ಪಾ.

ಆತ ಒಳ್ಳೆಯವನೇ ಇರಬಹುದು. ಆದರೆ ಕೆಲಸಕ್ಕೆ ಇಟ್ಟುಕೊಂಡವನು ನೀನಲ್ಲ. ಮನೆ ಕೈ ಬದಲಾದರೆ ಬಾಡಿಗೆದಾರರು ತಾವಾಗಿ ಹೊಸ ಮಾಲೀಕನಿಗೆ ಬಾಡಿಗೆದಾರರಾಗುತ್ತಾರೆ, ಮ್ಯಾನೇಜರ್ ಹಾಗಲ್ಲ. ಹಳಬರು ಕೊಟ್ಟ ಅಧಿಕಾರ ಹಳಬರದ್ದು. ನೀನು ಕೊಡುವುದಾದರೆ ಹೊಸದಾಗಿ, ಕಾಗದದ ಮೇಲೆ ಕೊಡು.

ಅದಕ್ಕೂ ಮೊದಲು ನಾಲ್ಕೂ ಮನೆಗೆ ಪತ್ರ ಹೋಗಲಿ. ನಿನ್ನದೂ ಹಳೇ ಮಾಲೀಕರದ್ದೂ ಸಹಿ, ಜೊತೆಗೆ ನಿನ್ನ ಬ್ಯಾಂಕ್ ಖಾತೆ ನಂಬರು. ಮಾರಾಟದ ಸುದ್ದಿ ತಿಳಿಯದೆ ಅವರು ಹಳಬರಿಗೇ ಬಾಡಿಗೆ ಕಟ್ಟಿಬಿಟ್ಟರೆ, ಮತ್ತೆ ನಿನಗೆ ಕಟ್ಟಿ ಅನ್ನಲು ಬರುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಮಿನಲ್ಲೇ ಇದೆ.

ನನಗೆ ನಿಜವಾದ ಭಯ ಅಡ್ವಾನ್ಸಿನದು. ಕ್ರಯದ ಹಣದಲ್ಲಿ ಅದನ್ನು ಮುರಿದುಕೊಂಡಿದ್ದೀಯೋ ಇಲ್ಲವೋ? ಇಲ್ಲದಿದ್ದರೆ ಹಳಬರನ್ನು ಇವತ್ತೇ ಕೇಳು. ಮನೆ ಖಾಲಿ ಮಾಡುವ ದಿನ ಬಾಡಿಗೆದಾರರು ಕೈಚಾಚುವುದು ನಿನ್ನ ಮುಂದೆ. ಮ್ಯಾನೇಜರ್ ನೋಟ್‌ಬುಕ್ ತೋರಿಸುತ್ತಾನೆ, ನೋಡು, ನಂಬಬೇಡ. ಭಾನುವಾರ ನೀನೇ ಒಂದೊಂದು ಮನೆಗೂ ಹೋಗಿ, ಕಾಫಿ ಕೊಟ್ಟರೆ ಕುಡಿದು, ಅಗ್ರಿಮೆಂಟ್ ಕೇಳು. ಪುಸ್ತಕದಲ್ಲಿ ಒಂದು ಲಕ್ಷ, ಛಾಪಾ ಕಾಗದದಲ್ಲಿ ಒಂದೂವರೆ ಇದ್ದರೆ ಆಗ ಗೊತ್ತಾಗುತ್ತದೆ. ಯಾವುದಾದರೂ ಮನೆ ಲೀಸ್‌ಗೆ ಹೋಗಿದ್ದರಂತೂ ತಿಂಗಳ ಬಾಡಿಗೆ ಇಲ್ಲ, ಹೊರಡುವಾಗ ಲಕ್ಷಗಟ್ಟಲೆ ಎಣಿಸಬೇಕು.

ಹಾಗಂತ ಆತನನ್ನು ನಾಳೆಯೇ ಓಡಿಸಬೇಡ. ಕಾವೇರಿ ನೀರು ಯಾವ ದಿನ ಬರುತ್ತದೆ, ಸಂಪಿನ ವಾಲ್ವ್ ಎಲ್ಲಿದೆ, ಯಾವ ಆರ್.ಆರ್. ನಂಬರು ಯಾವ ಮನೆಯದು, ಮೋಟರ್ ಕರೆಂಟ್ ಹೇಗೆ ಹಂಚುತ್ತಾರೆ, ಇದೆಲ್ಲ ಆತನ ತಲೆಯಲ್ಲಿದೆ. ಮೂರು ತಿಂಗಳು ಇಟ್ಟುಕೊಂಡು ಎಲ್ಲ ಬರೆಸಿಕೋ. ಸಂಬಳ ನೀನೇ ಕೊಡು, ಬಾಡಿಗೆಯಲ್ಲಿ ಹಿಡಿದುಕೊಳ್ಳುವ ಪದ್ಧತಿ ಬೇಡ. ರಿಪೇರಿಗೆ ಬಿಲ್ ಇಲ್ಲದೆ ಒಂದು ಪೈಸೆಯೂ ಕೊಡಬೇಡ. ಪ್ಲಂಬರ್ ಹತ್ತಿರ ಕಮಿಷನ್ ಹೊಡೆಯುವುದು ಈ ಊರಿನಲ್ಲಿ ಹೊಸದೇನಲ್ಲ.

ಬಾಡಿಗೆ ನೇರವಾಗಿ ನಿನ್ನ ಖಾತೆಗೆ ಬರುವುದನ್ನು ಒಪ್ಪಿಕೊಂಡರೆ ಆತನನ್ನು ಮುಂದುವರಿಸು. ಅದಕ್ಕೇ ತಕರಾರು ತೆಗೆದರೆ, ದಾಕ್ಷಿಣ್ಯಕ್ಕೆ ಬೀಳದೆ ಲೆಕ್ಕ ಚುಕ್ತಾ ಮಾಡಿ ಕಳಿಸಿಬಿಡು.