ಮಕ್ಕಳಿಗೆ ನಾಟಕದ ಕಥೆ ಹೇಳುವಾಗ

ಮುಂಬೈಯ ಪರೇಲಿನ ನಮ್ಮ ಸೊಸೈಟಿಯಲ್ಲಿ ಭಾನುವಾರ ಕೆಲವು ಕನ್ನಡ ಮಕ್ಕಳು ಸೇರುತ್ತಾರೆ. ಒಬ್ಬರ ಊರು ಕುಂದಾಪುರ, ಇನ್ನೊಬ್ಬರದು ಕಲಬುರಗಿ. ಶಾಲೆಯಲ್ಲಿ ಇಂಗ್ಲಿಷು, ಆಟಕ್ಕೆ ಹಿಂದಿ-ಮರಾಠಿ. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ತಡವರಿಸುತ್ತಾರೆ. ಇವರ ಕೈಗೆ ನಾಟಕದ ಪುಸ್ತಕ ಕೊಟ್ಟರೆ ಎರಡನೇ ಪುಟಕ್ಕೆ ಎದ್ದು ಹೋಗುತ್ತಾರೆ. ಹಾಗಾಗಿ ಹಳೆಯ ನಾಟಕಗಳನ್ನು ಕಥೆ ಮಾಡಿ ಹೇಳತೊಡಗಿದೆ. ಹೇಳುತ್ತ ಹೇಳುತ್ತ ಕೆಲವು ಸಂಗತಿ ಕಲಿತೆ.

ಕಥೆ ಮೊದಲ ಅಂಕದಿಂದಲೇ ಶುರುವಾಗಬೇಕಿಲ್ಲ. ಶೂದ್ರಕನ 'ಮೃಚ್ಛಕಟಿಕ'ದಲ್ಲಿ ಹತ್ತು ಅಂಕಗಳಿವೆ. ನಾನು ಮೊದಲು ಎತ್ತಿಕೊಳ್ಳುವುದು ಆರನೆಯದನ್ನು. ನೆರೆಮನೆ ಹುಡುಗನ ಚಿನ್ನದ ಬಂಡಿಯೇ ಬೇಕು, ಮಣ್ಣಿನದು ಬೇಡ ಎಂದು ನಾಯಕ ಚಾರುದತ್ತನ ಮಗ ರೋಹಸೇನ ಅಳುತ್ತಾನೆ. ವಸಂತಸೇನೆ ಮೈಮೇಲಿನ ಒಡವೆ ಬಿಚ್ಚಿ ಮಣ್ಣಿನ ಬಂಡಿಗೆ ತುಂಬುತ್ತಾಳೆ. "ಆಂಟಿ, ಅವಳು ಯಾರು? ಅಷ್ಟು ಚಿನ್ನ ಯಾಕೆ ಕೊಟ್ಟಳು?" ಎಂದು ಮಕ್ಕಳೇ ಕೇಳುತ್ತಾರೆ. ಹಿಂದಿನ ಐದು ಅಂಕ ಆ ಪ್ರಶ್ನೆಗೆ ಉತ್ತರವಾಗಿ ಬರುತ್ತವೆ. ಗಣಿಕೆಯಾದ ವಸಂತಸೇನೆಯನ್ನು ರಾಜಕುಮಾರಿ ಮಾಡುವ ಅಗತ್ಯವೂ ಬೀಳಲಿಲ್ಲ. ಹಾಡು-ಕುಣಿತದಲ್ಲಿ ಹೆಸರಾದ ಶ್ರೀಮಂತ ಹೆಂಗಸು, ಆದರೆ ಗೃಹಿಣಿಯಾಗಿ ಬಾಳಲು ಊರಿನವರು ಬಿಡಲಿಲ್ಲ ಎಂದರೆ ಮಕ್ಕಳಿಗೆ ಸಾಕು.

ಚಿಕ್ಕ ಪಾತ್ರಗಳನ್ನು ಕೈಬಿಡಬಾರದು. 1807ರಲ್ಲಿ ಮೇರಿ ಮತ್ತು ಚಾರ್ಲ್ಸ್ ಲ್ಯಾಂಬ್ ಶೇಕ್ಸ್‌ಪಿಯರನ ಇಪ್ಪತ್ತು ನಾಟಕಗಳನ್ನು ಮಕ್ಕಳಿಗಾಗಿ ಗದ್ಯಕ್ಕಿಳಿಸಿದರು. ಇಂದಿಗೂ ಓದುವ ಪುಸ್ತಕ ಅದು. ಆದರೆ ಅವರ 'ಟ್ವೆಲ್ಫ್ತ್ ನೈಟ್' ಕಥೆಯಲ್ಲಿ ನಗೆಗೀಡಾಗುವ ಮಾಲ್ವೋಲಿಯೊನೇ ಇಲ್ಲ. ಕಥೆ ಚೊಕ್ಕವಾಯಿತು, ನಗು ಹೋಯಿತು. 'ಶಾಕುಂತಲ' ಹೇಳುವಾಗ ನನ್ನ ಮಕ್ಕಳಿಗೆ ದುಷ್ಯಂತನಿಗಿಂತ ಬೆಸ್ತನೇ ಹತ್ತಿರ. ಉಂಗುರ ಕದ್ದವನೆಂದು ಅವನನ್ನು ಬಡಿಯುವ ಕಾವಲುಗಾರರು, ರಾಜನ ಇನಾಮು ಬಂದ ಕೂಡಲೇ ಗೆಳೆಯರಾಗಿ ಅವನೊಂದಿಗೆ ಹೆಂಡದಂಗಡಿಗೆ ಹೊರಡುತ್ತಾರೆ. ಆ ಭಾಗಕ್ಕೆ ವಿವರಣೆ ಬೇಕಾಗಲಿಲ್ಲ.

ಎಲ್ಲಕ್ಕಿಂತ ಮುಖ್ಯ, ಪಾತ್ರದ ಮಾತು. 'ಮೃಚ್ಛಕಟಿಕ'ದ ಖಳನಾಯಕನ ಬಗ್ಗೆ 'ಶಕಾರ ಮೂರ್ಖ' ಎಂದು ಹೇಳಿ ಮುಂದೆ ಹೋದರೆ ಯಾರೂ ನಗುವುದಿಲ್ಲ. ಅವನು ರಾಮಾಯಣ ಮಹಾಭಾರತ ಕಲಸುಮೇಲೋಗರ ಮಾಡುತ್ತಾನೆ: ದ್ರೌಪದಿಯನ್ನು ರಾಮನಿಗೆ ಹೆದರಿಸುತ್ತಾನೆ, ಕುಂತಿಯನ್ನು ರಾವಣನಿಗೆ ಒಪ್ಪಿಸುತ್ತಾನೆ. ಅವನಂತೆಯೇ ಗತ್ತಿನಿಂದ ಹೇಳಿದಾಗ "ತಪ್ಪು, ತಪ್ಪು!" ಎಂದು ಮಕ್ಕಳು ಕೂಗಿದರು. ಒಬ್ಬ ಹುಡುಗ ಎದ್ದು ನಿಂತು, ಎದೆಯುಬ್ಬಿಸಿ, ಹನುಮಂತನ ಕೈಯಲ್ಲಿ ಬಕಾಸುರನನ್ನು ಕೊಲ್ಲಿಸಿದ. ಅಲ್ಲಿಗೆ ನಾನು ಹೇಳುತ್ತಿದ್ದ ಕಥೆ ನಿಂತು ಅವರ ಆಟ ಶುರುವಾಯಿತು. ಈಗ ಪ್ರತಿ ಕಥೆಯಲ್ಲೂ ಒಂದು ದೃಶ್ಯವನ್ನು ಸಂಭಾಷಣೆಯಾಗಿಯೇ ಉಳಿಸಿ, ಅವರ ಬಾಯಿಗೆ ಬಿಡುತ್ತೇನೆ.

ಗದ್ಯಕಥೆ ನಾಟಕಕ್ಕೆ ಬದಲಿಯಲ್ಲ. ಯಾರು ಯಾರೆಂದು ಮೊದಲೇ ತಿಳಿಸಿ ಮಗುವನ್ನು ರಂಗದ ಮುಂದೆ ಕೂರಿಸುವುದಷ್ಟೇ ಅದರ ಕೆಲಸ. ಆದರೆ ಕರೆದೊಯ್ಯಲು ರಂಗ ಎಲ್ಲಿದೆ? ಗಿರಣಿ ಕಾರ್ಮಿಕರು ನಾಟಕ ಆಡಿ, ನೋಡಿದ ಪರೇಲಿನ ದಾಮೋದರ ನಾಟ್ಯಗೃಹ 1922ರದು. ಮರುನಿರ್ಮಾಣಕ್ಕೆಂದು 2023ರಲ್ಲಿ ಮುಚ್ಚಿತು. ಆದರೂ ಕನ್ನಡ ನಾಟಕಕ್ಕೆ ಮಾಟುಂಗಾದ ಮೈಸೂರು ಅಸೋಸಿಯೇಷನ್ ಇದೆ, ದಾದರ್ ದಾಟಿದರೆ ಮುಂದಿನ ಸ್ಟೇಷನ್. ಮನೆಯಲ್ಲಿ ಕಥೆ ಹೇಳಿ, ಆಮೇಲೆ ಮಕ್ಕಳ ಕೈ ಹಿಡಿದು ನಾಟಕಕ್ಕೆ ಕರೆದುಕೊಂಡು ಹೋಗಿ.